ಎಲ್ಲಿಸ್ ಐಲ್ಯಾಂಡ್‌ನಲ್ಲಿ ಹೆಸರು ಬದಲಾಯಿತೇ? ಅಮೆರಿಕದ ಹಳೆಯ ಜರ್ಮನ್ ಮನೆತನಗಳ ಮೂಲ ಹುಡುಕುವುದು ಹೇಗೆ

ಅಮೆರಿಕದ ಜರ್ಮನ್ ಮೂಲದ ಕುಟುಂಬಗಳ ಬಗ್ಗೆ ಕೆಲವು ಕಥೆಗಳು ಫೋನಿನಿಂದ ಫೋನಿಗೆ ಓಡಾಡುತ್ತಲೇ ಇರುತ್ತವೆ. 'ನಮ್ಮ ಪೂರ್ವಜರು 1740ರ ಸುಮಾರಿಗೆ ಹಡಗಿನಿಂದ ಇಳಿದಾಗ ಎಲ್ಲಿಸ್ ಐಲ್ಯಾಂಡ್‌ನ ಅಧಿಕಾರಿಗೆ ಹೆಸರು ಸರಿಯಾಗಿ ಕೇಳಿಸಲಿಲ್ಲ, ಮ್ಯುಲ್ಲರ್ ಎಂಬುದನ್ನು ಮಿಲ್ಲರ್ ಎಂದು ಬರೆದುಬಿಟ್ಟ' ಎನ್ನುವುದು ಒಂದು. 'ಒಂದೇ ಒಂದು ಮತ ಕಡಿಮೆ ಬಿದ್ದು ಜರ್ಮನ್ ಅಮೆರಿಕದ ಭಾಷೆಯಾಗುವುದು ತಪ್ಪಿತು' ಎನ್ನುವುದು ಇನ್ನೊಂದು. ಚುನಾವಣೆ ಬಂದಾಗ 'ಒಂದು ಮತದ ಬೆಲೆ' ಎಂಬ ಪಟ್ಟಿಯೊಳಗೆ ಸೇರಿಕೊಂಡು ಇದು ನಮ್ಮ ಗುಂಪುಗಳಿಗೂ ಬರುತ್ತದೆ. ಮೂರನೆಯದು, 'ಒಂದು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಕು, ಪೂರ್ವಜರ ಊರೇ ಗೊತ್ತಾಗುತ್ತದೆ' ಎಂಬುದು.

ಮೂರೂ ಸರಿಯಲ್ಲ. ಆದರೆ 'ಸುಳ್ಳು' ಎಂದಷ್ಟೇ ಹೇಳಿ ಮುಗಿಸಿದರೆ ನಮಗೆ ಸಿಗುವುದು ಕಡಿಮೆ. ಇನ್ನೂರೈವತ್ತು, ಮುನ್ನೂರು ವರ್ಷಗಳ ಹಿಂದೆ ಹಳ್ಳಿಯೊಂದನ್ನು ಬಿಟ್ಟು ಸಮುದ್ರ ದಾಟಿದ ಒಬ್ಬ ಸಾಮಾನ್ಯ ರೈತನನ್ನು ಇಂದು ಹುಡುಕಲು ಸಾಧ್ಯವೇ? ಸಾಧ್ಯ. ಅದಕ್ಕೆ ಕಾಗದಗಳಿವೆ, ಓದುವ ಕ್ರಮವೂ ಇದೆ. ಆ ಕ್ರಮ ತಿಳಿದರೆ ಯಾವ ಕಥೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಆಗ 'ಜರ್ಮನಿ' ಎಂಬ ಒಂದು ದೇಶ ಇರಲಿಲ್ಲ

ಇಂದಿನ ಅರ್ಥದ ಜರ್ಮನಿ ಒಂದು ರಾಷ್ಟ್ರವಾಗಿ ರೂಪುಗೊಂಡದ್ದು 1871ರಲ್ಲಿ. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ನೂರಾರು ಸಣ್ಣ ದೊಡ್ಡ ಸಂಸ್ಥಾನಗಳು. ಅಮೆರಿಕಕ್ಕೆ ಹೊರಟವರಲ್ಲಿ ಬಹುಪಾಲು ಜನ ನೈಋತ್ಯ ಭಾಗದವರು: ರೈನ್ ನದಿ ದಂಡೆಯ ಪ್ಯಾಲಟಿನೇಟ್, ಬಾಡೆನ್, ವುರ್ಟೆಂಬರ್ಗ್, ಜೊತೆಗೆ ಪಕ್ಕದ ಆಲ್ಸೇಸ್ ಮತ್ತು ಸ್ವಿಟ್ಜರ್ಲೆಂಡ್. ವುರ್ಟೆಂಬರ್ಗ್ ಎಂದರೆ ಕನ್ನಡಿಗರಿಗೂ ಸ್ವಲ್ಪ ಪರಿಚಯವಿರುವ ಸೀಮೆ. 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ಹೊರತಂದ ಹರ್ಮನ್ ಮೋಗ್ಲಿಂಗ್ ಅಲ್ಲಿಯವರೇ.

ವಲಸೆ ಅಲೆ ಅಲೆಯಾಗಿ ನಡೆಯಿತು. 1683ರಲ್ಲಿ ಕ್ರೆಫೆಲ್ಡ್ ಪಟ್ಟಣದ 13 ಕುಟುಂಬಗಳು 'ಕಾಂಕಾರ್ಡ್' ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದು, ಪಕ್ಕದಲ್ಲೇ ಜರ್ಮನ್‌ಟೌನ್ ಕಟ್ಟಿದವು. 1709ರಲ್ಲಿ ಯುದ್ಧ, ಭೀಕರ ಚಳಿ ಮತ್ತು ಬಡತನಕ್ಕೆ ಬೇಸತ್ತ ಸುಮಾರು 13,000 ಜನ ಲಂಡನ್‌ಗೆ ಬಂದು ಬೀಡುಬಿಟ್ಟರು. ಅವರಲ್ಲಿ ಸುಮಾರು 3,000 ಮಂದಿಯನ್ನು 1710ರಲ್ಲಿ ನ್ಯೂಯಾರ್ಕ್‌ಗೆ ಕಳಿಸಲಾಯಿತು. ಆಮೇಲೆ, ಮುಖ್ಯವಾಗಿ 1727ರಿಂದ 1775ರವರೆಗೆ, ದೊಡ್ಡ ಪ್ರವಾಹ ಹರಿದದ್ದು ಫಿಲಡೆಲ್ಫಿಯಾ ಬಂದರಿಗೆ. ಅಮೆರಿಕ ಸ್ವತಂತ್ರವಾಗುವ ಮೊದಲು ಬಂದ ಜರ್ಮನ್ ಭಾಷಿಕರು ಸರಿಸುಮಾರು ಒಂದು ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. 1790ರ ಮೊದಲ ಜನಗಣತಿಯ ಹೊತ್ತಿಗೆ ಪೆನ್ಸಿಲ್ವೇನಿಯಾದ ಸುಮಾರು ಮೂರನೇ ಒಂದು ಭಾಗ ಜನ ಜರ್ಮನ್ ಮೂಲದವರಾಗಿದ್ದರು.

ಇವರನ್ನು 'ಪೆನ್ಸಿಲ್ವೇನಿಯಾ ಡಚ್' ಎಂದು ಕರೆಯುವುದುಂಟು. ಹಾಗೆಂದ ಮಾತ್ರಕ್ಕೆ ಇವರು ಹಾಲೆಂಡಿನವರಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಡಚ್' ಎಂಬ ಪದ ಜರ್ಮನ್ ಭಾಷಿಕರನ್ನೂ ಒಳಗೊಂಡಿತ್ತು. ಹಾಗೆಯೇ ದಾಖಲೆಗಳಲ್ಲಿ 'ಪ್ಯಾಲಟೈನ್' ಎಂದು ಬರೆದಿದ್ದರೆ ಆ ವ್ಯಕ್ತಿ ಪ್ಯಾಲಟಿನೇಟಿನವನೇ ಆಗಿರಬೇಕಿಲ್ಲ. ಇಂಗ್ಲಿಷ್ ಗುಮಾಸ್ತರು ಬಂದ ಜರ್ಮನರಿಗೆಲ್ಲ ಅದೇ ಹೆಸರು ಹಚ್ಚುತ್ತಿದ್ದರು.

ಹೇಳಿಕೆ 1: ಎಲ್ಲಿಸ್ ಐಲ್ಯಾಂಡ್‌ನಲ್ಲಿ ಹೆಸರು ಬದಲಾಯಿತು

ಎಲ್ಲಿಸ್ ಐಲ್ಯಾಂಡ್ ವಲಸೆ ಕೇಂದ್ರ ತೆರೆದದ್ದು 1892ರ ಜನವರಿ 1ರಂದು. 1740ರಲ್ಲಿ ಬಂದವರ ಹೆಸರನ್ನು ಅಲ್ಲಿ ಬದಲಿಸಲು ಸಾಧ್ಯವೇ ಇಲ್ಲ. ನಡುವೆ ಒಂದೂವರೆ ಶತಮಾನದ ಅಂತರವಿದೆ. 1892ರ ನಂತರ ಬಂದವರ ವಿಷಯದಲ್ಲೂ ಈ ಕಥೆ ನಿಲ್ಲುವುದಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಹಡಗು ಕಂಪನಿಯವರು ಹೊರಡುವ ಬಂದರಿನಲ್ಲೇ ತಯಾರಿಸುತ್ತಿದ್ದರು. ಎಲ್ಲಿಸ್ ಐಲ್ಯಾಂಡ್‌ನ ಅಧಿಕಾರಿಗಳು ಆ ಪಟ್ಟಿ ಹಿಡಿದುಕೊಂಡು ತಪಾಸಣೆ ಮಾಡುತ್ತಿದ್ದರು.

ಹಾಗಾದರೆ ಹೆಸರು ಬದಲಾಗಲಿಲ್ಲವೇ? ಖಂಡಿತ ಬದಲಾಯಿತು, ಆದರೆ ನಿಧಾನವಾಗಿ, ಒಂದೆರಡು ತಲೆಮಾರುಗಳಲ್ಲಿ. ಕಂದಾಯದ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ. ನೆರೆಯವರು ತಮ್ಮ ನಾಲಿಗೆ ಹೊರಳಿದಂತೆ ಕರೆದರು. ಕೊನೆಗೆ ಮೊಮ್ಮಕ್ಕಳು ಅದನ್ನೇ ಬರೆಯತೊಡಗಿದರು. ಮ್ಯುಲ್ಲರ್ ಮಿಲ್ಲರ್ ಆದ, ಷ್ನೈಡರ್ ಸ್ನೈಡರ್ ಆದ. ಕೆಲವರು ಹೆಸರಿನ ಅರ್ಥವನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡರು. ಬಡಗಿ ಎಂಬ ಅರ್ಥದ ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆದ, ಕಪ್ಪು ಎಂಬ ಅರ್ಥದ ಷ್ವಾರ್ಟ್ಸ್ ಬ್ಲ್ಯಾಕ್ ಆದ.

ಇದಕ್ಕೆ ಅಮೆರಿಕದ ಇಬ್ಬರು ಅಧ್ಯಕ್ಷರ ಹೆಸರೇ ಉದಾಹರಣೆ. ಹರ್ಬರ್ಟ್ ಹೂವರ್ ಅವರ ಪೂರ್ವಜ ಆಂಡ್ರಿಯಾಸ್ ಹೂಬರ್ 1738ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದವರು. ಡ್ವೈಟ್ ಐಸೆನ್‌ಹೋವರ್ ಅವರ ಪೂರ್ವಜ ಹಾನ್ಸ್ ನಿಕೋಲಸ್ ಐಸೆನ್‌ಹೌವರ್ 1741ರಲ್ಲಿ ಬಂದವರು. ಈ ಮನೆತನದ ಮೂಲ ಇಂದಿನ ಜರ್ಮನಿಯ ಸಾರ್‌ಲ್ಯಾಂಡ್ ರಾಜ್ಯದ ಕಾರ್ಲ್ಸ್‌ಬ್ರುನ್ ಎಂಬ ಹಳ್ಳಿ. ಜರ್ಮನ್‌ನಲ್ಲಿ 'ಐಸೆನ್' ಎಂದರೆ ಕಬ್ಬಿಣ, 'ಹೌವರ್' ಎಂದರೆ ಕಡಿಯುವವ. ಅದೇ ಮನೆತನದ ಕುಡಿ ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಿತ್ರಪಡೆಗಳ ಮಹಾದಂಡನಾಯಕನಾಗಿ ನಾಜಿ ಜರ್ಮನಿಯ ವಿರುದ್ಧ ಹೋರಾಡಿತು. ಮುಂದೆ ಅಧ್ಯಕ್ಷರಾಗಿ 1959ರಲ್ಲಿ ಭಾರತಕ್ಕೆ ಬಂದರು. ಅಧಿಕಾರದಲ್ಲಿದ್ದಾಗ ಭಾರತಕ್ಕೆ ಭೇಟಿ ಕೊಟ್ಟ ಮೊದಲ ಅಮೆರಿಕನ್ ಅಧ್ಯಕ್ಷರು ಅವರೇ.

ಬಂದವರ ಲೆಕ್ಕ ಎಲ್ಲಿದೆ?

ಜರ್ಮನರು ಹಡಗು ಹಡಗಾಗಿ ಇಳಿಯುವುದನ್ನು ಕಂಡು ಪೆನ್ಸಿಲ್ವೇನಿಯಾದ ಆಡಳಿತಕ್ಕೆ ಆತಂಕವಾಯಿತು. ಬ್ರಿಟಿಷ್ ರಾಜನಿಗೆ ಇವರು ನಿಷ್ಠರಾಗಿರುತ್ತಾರೆಯೇ ಎಂಬ ಅನುಮಾನ. ಹಾಗಾಗಿ 1727ರ ಸೆಪ್ಟೆಂಬರ್‌ನಲ್ಲಿ ಒಂದು ಆದೇಶ ಹೊರಟಿತು. ಹಡಗಿನ ಕ್ಯಾಪ್ಟನ್ ತಾನು ಕರೆತಂದವರ ಪಟ್ಟಿ ಕೊಡಬೇಕು, 16 ವರ್ಷ ದಾಟಿದ ಗಂಡಸರು ರಾಜನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಬೇಕು.

ಆ ಅನುಮಾನವೇ ಇಂದು ವರವಾಗಿದೆ. ಹೀಗೆ ಹುಟ್ಟಿದ ಪಟ್ಟಿಗಳು ಉಳಿದುಕೊಂಡಿವೆ. ಅವನ್ನು ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಎಂಬ ಇಬ್ಬರು ಮೂರು ಸಂಪುಟಗಳಲ್ಲಿ 1934ರಲ್ಲಿ ಅಚ್ಚು ಹಾಕಿಸಿದರು. ಒಂದು ಸಂಪುಟದಲ್ಲಿ ವಲಸಿಗರ ಸಹಿಗಳ ಪಡಿಯಚ್ಚೇ ಇದೆ. ಬರೆಯಲು ಬಾರದವರು ಹಾಕಿದ ಗುರುತುಗಳೂ ಅಲ್ಲಿವೆ. ಬೇರೆ ಬಂದರುಗಳಿಗೆ ಬಂದವರ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾದ ಪಟ್ಟಿಗಳು ಉಳಿದಿಲ್ಲ.

ಆದರೆ ಈ ಪಟ್ಟಿಯಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಸಹಿ ಹಾಕಿದವರು ಗಂಡಸರು ಮಾತ್ರ. ಹೆಂಗಸರು, ಮಕ್ಕಳು ಬಹುತೇಕ ಎಲ್ಲೂ ಕಾಣುವುದಿಲ್ಲ. ಹಡಗಿನಲ್ಲಿ 300 ಜನ ಇದ್ದರೆ ಪಟ್ಟಿಯಲ್ಲಿ ನೂರು ಹೆಸರು ಸಿಗಬಹುದು. ಆದ್ದರಿಂದ 'ಹಡಗಿನ ಪಟ್ಟಿಯಲ್ಲಿ ನಮ್ಮಜ್ಜಿಯ ಹೆಸರಿಲ್ಲ, ಹಾಗಾಗಿ ಅವರು ಆ ಹಡಗಿನಲ್ಲಿ ಬಂದಿಲ್ಲ' ಎನ್ನುವ ತೀರ್ಮಾನ ತಪ್ಪು. ಅವರು ಇದ್ದರು, ಬರೆದುಕೊಳ್ಳುವವರು ಇರಲಿಲ್ಲ.

ಒಂದೇ ಹೆಸರಿನ ಹತ್ತು ಮಂದಿ

ಇಲ್ಲಿಂದ ಮುಂದೆ ಅತಿ ಹೆಚ್ಚು ಜನ ಎಡವುವ ಜಾಗ ಬರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಯೋಹಾನ್ ಮ್ಯುಲ್ಲರ್ ಎಂಬ ಪೂರ್ವಜ ಇದ್ದರೆಂದು ಗೊತ್ತು. ಹಡಗಿನ ಪಟ್ಟಿಯಲ್ಲೂ ಒಬ್ಬ ಯೋಹಾನ್ ಮ್ಯುಲ್ಲರ್ ಸಿಕ್ಕ. ಜರ್ಮನಿಯ ಚರ್ಚಿನ ಪುಸ್ತಕದಲ್ಲೂ ಒಬ್ಬ ಸಿಕ್ಕ. ಮೂವರನ್ನೂ ಒಂದೇ ಗೆರೆಯಲ್ಲಿ ಜೋಡಿಸಿ ವಂಶವೃಕ್ಷ ಅಂತರ್ಜಾಲಕ್ಕೆ ಏರಿಸಿದರೆ ಅದನ್ನು ನೂರು ಜನ ನಕಲು ಮಾಡಿಕೊಳ್ಳುತ್ತಾರೆ. ನೂರು ಕಡೆ ಇದೆ ಎಂದ ಮೇಲೆ ನಿಜವೇ ಇರಬೇಕು ಎಂದು ನೂರಾ ಒಂದನೆಯವರು ನಂಬುತ್ತಾರೆ. ನಮ್ಮ ಫಾರ್ವರ್ಡ್‌ಗಳ ಕಥೆಯೂ ಇದೇ ಅಲ್ಲವೇ?

ಸಮಸ್ಯೆ ಏನೆಂದರೆ ಮ್ಯುಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು. ಊರೂರಲ್ಲೂ ಗಿರಣಿ ಇತ್ತು, ಊರೂರಲ್ಲೂ ಮ್ಯುಲ್ಲರ್ ಇದ್ದ. ಇನ್ನು ಯೋಹಾನ್ ಎಂಬುದು ಎಷ್ಟೋ ಮನೆಗಳಲ್ಲಿ ಎಲ್ಲ ಗಂಡುಮಕ್ಕಳಿಗೂ ಇಡುತ್ತಿದ್ದ ಮೊದಲ ಹೆಸರು. ಯೋಹಾನ್ ಗೇಯೋರ್ಗ್, ಯೋಹಾನ್ ಪೀಟರ್, ಯೋಹಾನ್ ಯಾಕೋಬ್ ಮೂವರೂ ಒಂದೇ ತಾಯಿಯ ಮಕ್ಕಳಾಗಿರಬಹುದು. ಮನೆಯಲ್ಲಿ ಕರೆಯುವ ಹೆಸರು ಎರಡನೆಯದು. ಹಾಗಾಗಿ ಜ್ಞಾನಸ್ನಾನದ ಪುಸ್ತಕದ ಯೋಹಾನ್ ಪೀಟರ್ ಅಮೆರಿಕದ ಕಂದಾಯ ಪಟ್ಟಿಯಲ್ಲಿ ಬರೀ ಪೀಟರ್ ಆಗಿ ಸಿಗುತ್ತಾನೆ. ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಳೆಯ ದಾಖಲೆಗಳಲ್ಲಿ ಅವರ ಮನೆತನದ ಹೆಸರಿಗೆ 'ಇನ್' ಎಂಬ ಪ್ರತ್ಯಯ ಸೇರುತ್ತದೆ. ಮ್ಯುಲ್ಲೆರಿನ್ ಎಂದಿದ್ದರೆ ಅದು ಬೇರೆ ಮನೆತನವಲ್ಲ, ಮ್ಯುಲ್ಲರ್ ಮನೆಯ ಹೆಣ್ಣು.

ಹಾಗಾದರೆ ಇವನೇ ಅವನು ಎಂದು ತೋರಿಸುವುದು ಹೇಗೆ? ಅನುಭವಿ ಸಂಶೋಧಕರು ಬಳಸುವ ದಾರಿಗಳು ಹೀಗಿವೆ.

ಒಂದು, ಸಹಿ ಹೋಲಿಕೆ. ಹಡಗಿನ ಪ್ರಮಾಣಪತ್ರದ ಮೇಲಿನ ಸಹಿಯನ್ನು ಅದೇ ಹೆಸರಿನವನು ಮುಂದೆ ಜಮೀನು ಪತ್ರಕ್ಕೋ ಉಯಿಲಿಗೋ ಹಾಕಿದ ಸಹಿಯ ಪಕ್ಕದಲ್ಲಿಟ್ಟು ನೋಡುವುದು. ಒಬ್ಬ ಅಂದವಾಗಿ ಜರ್ಮನ್ ಲಿಪಿಯಲ್ಲಿ ಬರೆದಿದ್ದು, ಇನ್ನೊಬ್ಬ ಬರೀ ಗುರುತು ಹಾಕಿದ್ದರೆ ಇಬ್ಬರೂ ಒಬ್ಬರೇ ಎನ್ನುವ ಮುನ್ನ ನೂರು ಸಲ ಯೋಚಿಸಬೇಕು.

ಎರಡು, ಜೊತೆಗಾರರು. ಜನ ಒಂಟಿಯಾಗಿ ವಲಸೆ ಹೋದದ್ದು ಕಡಿಮೆ. ಒಂದೇ ಹಳ್ಳಿಯವರು, ಬಂಧುಗಳು ಒಂದೇ ಹಡಗು ಹತ್ತಿ, ಅಲ್ಲಿಯೂ ಅಕ್ಕಪಕ್ಕ ಜಮೀನು ಹಿಡಿದರು. ಮಗುವಿನ ಜ್ಞಾನಸ್ನಾನಕ್ಕೆ ನಿಲ್ಲುವ ಧರ್ಮಪಿತ, ಧರ್ಮಮಾತೆ ಸಾಮಾನ್ಯವಾಗಿ ನೆಂಟರೋ ಆಪ್ತರೋ ಆಗಿರುತ್ತಿದ್ದರು. ಪೂರ್ವಜರ ಊರು ಸಿಗದಿದ್ದಾಗ ಪಕ್ಕದ ಮನೆಯವರ ಊರು ಹುಡುಕಿದರೆ ಎಷ್ಟೋ ಸಲ ಅಲ್ಲೇ ಇಬ್ಬರ ಹೆಸರೂ ಸಿಗುತ್ತದೆ.

ಮೂರು, ಹುಟ್ಟೂರಿನ ಕಾಗದ. ಅಲ್ಲಿನ ಪಾದ್ರಿಗಳು ಚರ್ಚಿನ ಪುಸ್ತಕದ ಅಂಚಿನಲ್ಲಿ 'ಪೆನ್ಸಿಲ್ವೇನಿಯಾಕ್ಕೆ ಹೋದರು' ಎಂದು ಬರೆದಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಅನೇಕ ಸಂಸ್ಥಾನಗಳಲ್ಲಿ ರೈತರು ಒಡೆಯನ ಜೀತಕ್ಕೆ ಒಳಪಟ್ಟಿದ್ದರು. ಊರು ಬಿಡಲು ಹಣ ಕಟ್ಟಿ ಬಿಡುಗಡೆ ಪತ್ರ ಪಡೆಯಬೇಕಿತ್ತು. ಆ ಪತ್ರಗಳ ದಾಖಲೆಯೂ ಕೆಲವೆಡೆ ಉಳಿದಿದೆ.

ನಾಲ್ಕು, ಅವನು ಊರಲ್ಲೇ ಉಳಿದಿಲ್ಲ ಎಂಬ ಖಾತ್ರಿ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹುಟ್ಟು ಸಿಕ್ಕಿದ ಪುಸ್ತಕದಲ್ಲೇ ಆ ಹುಡುಗನ ಸಾವೋ, ಆಮೇಲಿನ ಮದುವೆಯೋ ದಾಖಲಾಗಿದೆಯೇ ಎಂದು ನೋಡಬೇಕು. ಎರಡು ವರ್ಷಕ್ಕೇ ತೀರಿಕೊಂಡ ಮಗುವನ್ನು ಹಡಗು ಹತ್ತಿಸಿ ವಂಶದ ಮೂಲಪುರುಷನನ್ನಾಗಿ ಮಾಡಿದ ವಂಶವೃಕ್ಷಗಳಿಗೆ ಕೊರತೆಯಿಲ್ಲ.

ದಿನಾಂಕಗಳ ಬಲೆ

ಹಳೆಯ ಬರಹದಲ್ಲಿ '7ಬರ್' ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ 'ಸೆಪ್ಟೆಂ' ಎಂದರೆ ಏಳು. ಹಾಗೆಯೇ '8ಬರ್' ಎಂದರೆ ಅಕ್ಟೋಬರ್. ಇನ್ನೊಂದು ಮಾತು, ಬ್ರಿಟನ್ ಮತ್ತು ಅದರ ವಸಾಹತುಗಳು ಕ್ಯಾಲೆಂಡರ್ ಬದಲಿಸಿದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಬಂತು. ಅದಕ್ಕೂ ಮುಂಚೆ ಇಂಗ್ಲಿಷರ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. ಹಾಗಾಗಿ ಜರ್ಮನಿಯ ಕಾಗದಕ್ಕೂ ಅಮೆರಿಕದ ಕಾಗದಕ್ಕೂ 11 ದಿನಗಳ ವ್ಯತ್ಯಾಸ ಕಂಡರೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಎಂದು ತಕ್ಷಣ ತೀರ್ಮಾನಿಸಬೇಡಿ.

ಬಂದರಿನಲ್ಲೇ ಒಡೆದ ಕುಟುಂಬಗಳು

ಪೂರ್ವಜರ ಜಾಡು ತಪ್ಪುವುದಕ್ಕೆ ಬರೀ ಗುಮಾಸ್ತರ ಕೈಬರಹ ಕಾರಣವಲ್ಲ. ಅನೇಕರ ಬಳಿ ಹಡಗಿನ ಚಾರ್ಜಿಗೆ ದುಡ್ಡಿರಲಿಲ್ಲ. ಅವರು ಸಾಲದಲ್ಲಿ ಪ್ರಯಾಣ ಮಾಡಿದರು. ಇಳಿದ ಮೇಲೆ ಆ ಸಾಲ ತೀರಿಸುವ ಯಜಮಾನನ ಬಳಿ ವರ್ಷಗಟ್ಟಲೆ ದುಡಿಯುವ ಕರಾರಿಗೆ ಒಳಗಾದರು. ಕರಾರಿಗೆ ಗಿರಾಕಿ ಸಿಗುವವರೆಗೆ ಹಡಗಿನಿಂದ ಇಳಿಯುವಂತಿರಲಿಲ್ಲ. 1750ರಲ್ಲಿ ಪ್ರಯಾಣ ಮಾಡಿ ಊರಿಗೆ ಮರಳಿದ ಗಾಟ್‌ಲೀಬ್ ಮಿಟ್ಟೆಲ್‌ಬರ್ಗರ್ ಎಂಬಾತ 1756ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇದರ ವಿವರ ಕೊಟ್ಟಿದ್ದಾನೆ. ತಂದೆತಾಯಿ ತಾವು ಬಿಡುಗಡೆ ಪಡೆಯಲು ಮಕ್ಕಳನ್ನು ಕರಾರಿಗೆ ಕೊಡಬೇಕಾಗುತ್ತಿತ್ತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ ಹೋಗಿ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಎನ್ನುತ್ತಾನೆ ಅವನು.

1710ರಲ್ಲಿ ನ್ಯೂಯಾರ್ಕ್‌ಗೆ ಬಂದ ಗುಂಪಿನ ಕಥೆಯೂ ಇದೇ. ದಾರಿಯಲ್ಲೇ ಬಹಳ ಜನ ರೋಗದಿಂದ ಸತ್ತರು. ತಬ್ಬಲಿ ಮಕ್ಕಳನ್ನು, ತಂದೆ ಇಲ್ಲದ ಮಕ್ಕಳನ್ನು ಗವರ್ನರ್ ರಾಬರ್ಟ್ ಹಂಟರ್ ಅವರ ಆಡಳಿತ ಕೆಲಸ ಕಲಿಯಲು ಬೇರೆಯವರ ಮನೆಗಳಿಗೆ ಹಂಚಿತು. ಹಾಗೆ ಒಬ್ಬ ಮುದ್ರಕನ ಬಳಿಗೆ ಹೋದ ಹುಡುಗ ಜಾನ್ ಪೀಟರ್ ಝೆಂಗರ್. ಮುಂದೆ ಗವರ್ನರನನ್ನೇ ಟೀಕಿಸುವ ಪತ್ರಿಕೆ ಅಚ್ಚು ಹಾಕಿ, 1735ರ ಮೊಕದ್ದಮೆಯಲ್ಲಿ ಬಿಡುಗಡೆಯಾಗಿ, ಪತ್ರಿಕಾ ಸ್ವಾತಂತ್ರ್ಯದ ಇತಿಹಾಸದಲ್ಲಿ ಹೆಸರಾದದ್ದು ಅವನೇ. ಎಲ್ಲ ಮಕ್ಕಳಿಗೂ ಅಂಥ ಹೆಸರು ಬರಲಿಲ್ಲ. ಹೆಚ್ಚಿನವರು ಸಾಕಿದವರ ಮನೆಯಲ್ಲಿ, ಅವರ ಭಾಷೆಯಲ್ಲಿ ಬೆಳೆದರು.

ಕಳೆದುಹೋದವರನ್ನು ಆ ಕಾಲದವರೂ ಹುಡುಕುತ್ತಿದ್ದರು. ಜರ್ಮನ್‌ಟೌನ್‌ನಲ್ಲಿ ಕ್ರಿಸ್ಟೋಫ್ ಸೌವರ್ ಎಂಬಾತ 1739ರಿಂದ ಜರ್ಮನ್ ಪತ್ರಿಕೆ ನಡೆಸುತ್ತಿದ್ದ. ಬೇರೆಯಾದ ಒಡಹುಟ್ಟಿದವರು ಎಲ್ಲಿದ್ದಾರೆಂದು ವಿಚಾರಿಸುವ ಪ್ರಕಟಣೆಗಳು ಅಂಥ ಪತ್ರಿಕೆಗಳಲ್ಲಿ ಬರುತ್ತಿದ್ದವು. ಹುಟ್ಟೂರು, ತಂದೆಯ ಹೆಸರು, ಬಂದ ವರ್ಷ ಅವುಗಳಲ್ಲಿ ಇರುವುದರಿಂದ ಇಂದು ಮೂಲ ಹುಡುಕುವವರಿಗೆ ಅವು ಬೆಲೆಬಾಳುವ ಸಾಕ್ಷಿ. ಅಣ್ಣನನ್ನು ಹುಡುಕುತ್ತಾ ತಂಗಿ ಹಾಕಿಸಿದ ನಾಲ್ಕು ಸಾಲು ಆ ಕಾಲದಲ್ಲಿ ಅಣ್ಣನಿಗೆ ತಲುಪಿತೋ ಇಲ್ಲವೋ, ಈಗ ಮರಿಮಕ್ಕಳ ಮರಿಮಕ್ಕಳಿಗೆ ತಲುಪುತ್ತಿದೆ.

ಹೇಳಿಕೆ 2: ನಮ್ಮ ಪೂರ್ವಜ ಹೆಸ್ಸಿಯನ್ ಸೈನಿಕ

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಲು ಸುಮಾರು 30,000 ಜರ್ಮನ್ ಸೈನಿಕರು ಬಂದಿದ್ದರು. ಹೆಚ್ಚಿನವರು ಹೆಸ್ಸೆ ಪ್ರದೇಶದವರಾದ್ದರಿಂದ ಎಲ್ಲರಿಗೂ ಹೆಸ್ಸಿಯನ್ ಎಂಬ ಹೆಸರು ಬಂತು. ಕೆಲವು ಸಾವಿರ ಮಂದಿ ಅಲ್ಲೇ ಉಳಿದದ್ದೂ ನಿಜ. ಆದರೆ ಜರ್ಮನ್ ಹೆಸರಿನ ಪ್ರತಿ ಮನೆತನಕ್ಕೂ ಈ ಕಥೆ ಹೊಂದುವುದಿಲ್ಲ. ಪರೀಕ್ಷೆ ಸುಲಭ: ಈ ಸೈನಿಕರು ಬರತೊಡಗಿದ್ದು 1776ರಲ್ಲಿ. ಪೂರ್ವಜರ ಹೆಸರು 1765ರ ಕಂದಾಯ ಪಟ್ಟಿಯಲ್ಲಿ ಇದ್ದರೆ ಅವರು ಆ ಸೈನ್ಯದೊಂದಿಗೆ ಬಂದವರಲ್ಲ.

ಹೇಳಿಕೆ 3: ಡಿಎನ್‌ಎ ಪರೀಕ್ಷೆ ಊರು ಹೇಳುತ್ತದೆ

ಸ್ವಲ್ಪ ಲೆಕ್ಕ ಮಾಡೋಣ. 1740ರ ಸುಮಾರಿಗೆ ಬಂದವರಿಂದ ಇಂದಿನವರಿಗೆ ಎಂಟರಿಂದ ಹತ್ತು ತಲೆಮಾರು. ಒಂಬತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ವ್ಯಕ್ತಿಗೆ 512 ಪೂರ್ವಜರ ಸ್ಥಾನಗಳಿರುತ್ತವೆ. ಅವರಲ್ಲಿ ಒಬ್ಬರಿಂದ ಬರುವ ಪಾಲು ಸರಾಸರಿ ಶೇ 0.2. ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ತುಂಡು ತುಂಡಾಗಿ ಹಂಚಿಕೆಯಾಗುವುದರಿಂದ ಅಷ್ಟು ಹಿಂದಿನ ಒಬ್ಬ ಪೂರ್ವಜರಿಂದ ಏನೇನೂ ಬಾರದೆ ಇರುವ ಸಾಧ್ಯತೆಯೂ ಇದೆ. ಏನೂ ಬಾರದಿದ್ದರೂ ಅವರು ಪೂರ್ವಜರೇ.

ಪರೀಕ್ಷೆಯ ವರದಿಯಲ್ಲಿ ಬರುವ 'ಶೇ ಇಷ್ಟು ಜರ್ಮನ್' ಎಂಬುದು ಆ ಕಂಪನಿಯ ಬಳಿ ಇರುವ ಮಾದರಿಗಳೊಂದಿಗೆ ಹೋಲಿಸಿ ಮಾಡಿದ ಅಂದಾಜು. ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಪರೀಕ್ಷೆ ನಿಜವಾಗಿ ನೆರವಾಗುವುದು ಬೇರೆ ರೀತಿಯಲ್ಲಿ. ಅದು ದೂರದ ದಾಯಾದಿಗಳನ್ನು ಹುಡುಕಿಕೊಡುತ್ತದೆ. ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಪರೀಕ್ಷೆಯಿಂದ ಇಬ್ಬರು ಮಿಲ್ಲರ್‌ಗಳು ಒಂದೇ ಗಂಡು ಸಂತತಿಯವರೇ ಎಂದು ನೋಡಬಹುದು. ಊರಿನ ಹೆಸರು ಮಾತ್ರ ಕಾಗದದಿಂದಲೇ ಬರಬೇಕು.

ಹೇಳಿಕೆ 4: ಒಂದು ಮತದಿಂದ ಜರ್ಮನ್ ಸೋತಿತು

ಇಂಗ್ಲಿಷೋ ಜರ್ಮನ್ನೋ ಎಂಬ ಮತದಾನ ಅಮೆರಿಕದ ಸಂಸತ್ತಿನಲ್ಲಿ ನಡೆಯಲೇ ಇಲ್ಲ. ನಡೆದದ್ದು ಇಷ್ಟು. ಕಾನೂನುಗಳನ್ನು ಜರ್ಮನ್‌ನಲ್ಲೂ ಅಚ್ಚು ಹಾಕಿಸಿ ಎಂದು ವರ್ಜೀನಿಯಾದ ಜರ್ಮನ್ ಭಾಷಿಕರು 1794ರಲ್ಲಿ ಮನವಿ ಕೊಟ್ಟರು. 1795ರ ಜನವರಿಯಲ್ಲಿ ಆ ಚರ್ಚೆಯನ್ನು ಮುಂದಕ್ಕೆ ಹಾಕುವ ಸೂಚನೆಯೊಂದು 42–41 ಮತಗಳಿಂದ ಬಿದ್ದುಹೋಯಿತು. ಮನವಿಯೂ ಮುಂದೆ ಒಪ್ಪಿಗೆ ಪಡೆಯಲಿಲ್ಲ. ಆ ಒಂದು ಮತದ ಅಂತರವೇ ಬೆಳೆದು ಬೆಳೆದು 'ರಾಷ್ಟ್ರಭಾಷೆ' ಕಥೆಯಾಯಿತು. ಕಥೆಯೊಳಗೆ ಕೇಳದೆ ಹೋದದ್ದು ಮೂಲ ಮನವಿ: ನಮ್ಮನ್ನು ಆಳುವ ಕಾನೂನು ನಮಗೆ ಓದಲು ಬರಬೇಕು ಎಂಬ ಸರಳ ಬೇಡಿಕೆ.

ಹಂಚುವ ಮೊದಲು ಕೇಳಬೇಕಾದ ಪ್ರಶ್ನೆಗಳು

ವಂಶದ ಕಥೆ ಯಾವುದೇ ಇರಲಿ, ನಮ್ಮ ಸಲಹೆ ಇಷ್ಟೇ. ಗೊತ್ತಿರುವವರಿಂದ ಶುರುಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ನಡೆಯಿರಿ. ಪ್ರಸಿದ್ಧರೊಬ್ಬರಿಂದ ಶುರುಮಾಡಿ ನಿಮ್ಮ ಕಡೆಗೆ ಇಳಿದು ಬರಬೇಡಿ. ಪ್ರತಿ ಕೊಂಡಿಯಲ್ಲೂ ಈ ಪ್ರಶ್ನೆಗಳನ್ನು ಕೇಳಿ:

• ಇವರು ಇಂಥವರ ಮಗ ಅಥವಾ ಮಗಳು ಎಂದು ಹೇಳುವ ಕಾಗದ ಯಾವುದು? ಉಯಿಲೇ, ಜ್ಞಾನಸ್ನಾನದ ದಾಖಲೆಯೇ, ಜಮೀನು ಪತ್ರವೇ?
• ಆ ಕಾಗದ ಘಟನೆ ನಡೆದ ಕಾಲದ್ದೇ ಅಥವಾ ನೂರು ವರ್ಷದ ಆಮೇಲೆ ಯಾರೋ ಬರೆದದ್ದೇ?
• ಅದೇ ಹೆಸರಿನ ಬೇರೆಯವರು ಆ ಸೀಮೆಯಲ್ಲಿ ಇರಲಿಲ್ಲ ಎಂದು ನೋಡಿದ್ದೀರಾ?
• ಕಾಲ ಹೊಂದುತ್ತದೆಯೇ? ಆ ಕಚೇರಿ, ಆ ಬಂದರು, ಆ ದೇಶ ಆಗ ಇತ್ತೇ?
• ನೂರು ವಂಶವೃಕ್ಷಗಳಲ್ಲಿ ಇದೆ ಎಂದರೆ ನೂರು ಸಾಕ್ಷಿ ಇದೆಯೇ ಅಥವಾ ಒಂದರ ನೂರು ನಕಲೇ?

ಇನ್ನೊಂದು ಎಚ್ಚರಿಕೆ. ಮನೆತನದ ಹೆಸರು ಹೇಳಿದರೆ 'ನಿಮ್ಮ ವಂಶದ ಲಾಂಛನ' ಎಂದು ಚೌಕಟ್ಟು ಹಾಕಿ ಮಾರುವವರಿದ್ದಾರೆ. ಯುರೋಪಿನಲ್ಲಿ ಲಾಂಛನ ಸಿಗುತ್ತಿದ್ದದ್ದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ. ಅದೇ ಹೆಸರು ಇಟ್ಟುಕೊಂಡ ಎಲ್ಲರಿಗೂ ಅಲ್ಲ.

ಒಂದು ಕೊಂಡಿ ತಪ್ಪಿದರೆ ಏನಾಗುತ್ತದೆ ಎಂದು ಕೇಳಬಹುದು. ಅದರ ಮೇಲಿನವರೆಲ್ಲ ಬೇರೆ ಮನೆಯವರಾಗಿಬಿಡುತ್ತಾರೆ. ಸಾಲ ಹೊತ್ತು, ಮಕ್ಕಳನ್ನು ಬಿಟ್ಟುಕೊಟ್ಟು, ಪಟ್ಟಿಯಲ್ಲಿ ಹೆಸರೂ ಇಲ್ಲದೆ ಬದುಕಿದ ನಿಜವಾದ ಅಜ್ಜಿಯ ಜಾಗದಲ್ಲಿ ಯಾರೋ ಅಪರಿಚಿತರ ಹೆಸರು ಕೂರುತ್ತದೆ. ಅದಕ್ಕಿಂತ ಆ ಜಾಗ ಖಾಲಿ ಇರುವುದೇ ವಾಸಿ. ಖಾಲಿ ಜಾಗವನ್ನು ಮುಂದೆ ಯಾರಾದರೂ ಹುಡುಕಿ ತುಂಬಬಹುದು, ಆದರೆ ತಪ್ಪು ಹೆಸರು ಕೂತ ಜಾಗದಲ್ಲಿ ಹುಡುಕಾಟವೇ ನಿಂತುಹೋಗುತ್ತದೆ.